ಮರೂನ್ ಬಣ್ಣ ಬಳಿದರೆ ಬೋಟಿಗೆ ಕೆಡುಕೇ?

ಪ್ರಶ್ನೆ: ಸರ್, ನಾವು ಕಾರವಾರದವರು. ನಾನೂ ಅಣ್ಣನೂ ಸೇರಿ ಒಂದು ಟ್ರಾಲ್ ಬೋಟು ಇಟ್ಟುಕೊಂಡಿದ್ದೇವೆ. ಈಗ ಮೀನುಗಾರಿಕೆ ಬಂದ್ ಇರುವುದರಿಂದ ರಿಪೇರಿ ನಡೆದಿದೆ. ಈ ಸಲ ಹಳೆಯ ನೀಲಿ ಬೇಡ, ಮರೂನ್ ಹೊಡೆಸೋಣ ಎಂದು ಅಂಗಡಿಯಲ್ಲಿ ಬಣ್ಣ ಮಿಕ್ಸ್ ಮಾಡಿಸಿ ತಂದಾಗಿದೆ. ಪಿಯುಸಿ ಓದುವ ಅಣ್ಣನ ಮಗ ಮೊಬೈಲಿನಲ್ಲಿ ಆ ಶಬ್ದದ ಅರ್ಥ ನೋಡಿದ. ‘ಯಾರನ್ನಾದರೂ ನಿರ್ಜನ ದ್ವೀಪದಲ್ಲಿ ಬಿಟ್ಟು ಹೋಗುವುದು’ ಎಂದು ಬಂತು. ಅವನು ಅದನ್ನು ಎಲ್ಲರ ಎದುರು ಓದಿಬಿಟ್ಟ. ಈಗ ಬೋಟು ನಡೆಸುವ ತಾಂಡೇಲರು ಮುಖ ಗಂಟು ಹಾಕಿಕೊಂಡಿದ್ದಾರೆ. ಇಬ್ಬರು ಖಲಾಸಿಗಳು ಆ ಬೋಟಿಗೆ ಬರುವುದಿಲ್ಲ ಎನ್ನುತ್ತಿದ್ದಾರೆ. ಓಡಿಹೋದ ಗುಲಾಮರ ರಕ್ತದಿಂದ ಆ ಬಣ್ಣಕ್ಕೆ ಹೆಸರು ಬಂತು ಎಂದು ಇನ್ನೊಬ್ಬರು ಸೇರಿಸಿದರು. ಆಯಿಗೂ ಮನಸ್ಸಿಗೆ ಸಮಾಧಾನ ಇಲ್ಲ. ಮಿಕ್ಸ್ ಮಾಡಿದ ಬಣ್ಣವನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಇದೆಲ್ಲ ನಿಜವೇ? ಬಣ್ಣ ಬದಲಿಸಬೇಕೇ?

ಉತ್ತರ: ನಿಮ್ಮ ಅಣ್ಣನ ಮಗ ಓದಿದ್ದು ತಪ್ಪಲ್ಲ. ಇಂಗ್ಲಿಷಿನ ‘ಮರೂನ್’ ಶಬ್ದಕ್ಕೆ ಒಬ್ಬನನ್ನು ಜನವಿಲ್ಲದ ದ್ವೀಪದಲ್ಲಿ ಇಳಿಸಿ ಹಡಗು ಬಿಟ್ಟುಕೊಂಡು ಹೋಗುವುದು ಎಂಬ ಅರ್ಥ ಖಂಡಿತ ಇದೆ. ಆದರೆ ಆ ಮರೂನ್ ಬೇರೆ, ನೀವು ಡಬ್ಬಿಯಲ್ಲಿ ತಂದಿಟ್ಟ ಮರೂನ್ ಬೇರೆ. ಸ್ಪೆಲಿಂಗ್ ಒಂದೇ, ಉಚ್ಚಾರ ಒಂದೇ, ಮೂಲ ಬೇರೆ ಬೇರೆ. ಕನ್ನಡದಲ್ಲೂ ಇಂಥವು ಇವೆ ಅಲ್ವಾ? ಅರಸು ಅಂದರೆ ರಾಜ, ಅರಸು ಅಂದರೆ ಹುಡುಕು. ರಾಜನಾದವನು ಏನನ್ನೋ ಹುಡುಕುತ್ತಿದ್ದ, ಅದಕ್ಕೇ ಆ ಹೆಸರು ಬಂತು ಎಂದು ಯಾರೂ ಕಥೆ ಕಟ್ಟುವುದಿಲ್ಲ. ಇಂಗ್ಲಿಷ್ ನಮ್ಮ ಮನೆಮಾತಲ್ಲ. ಹಾಗಾಗಿ ಅಲ್ಲಿ ಕಥೆ ಕಟ್ಟುವುದು ಸುಲಭ.

ದೊಡ್ಡ ನಿಘಂಟುಗಳಲ್ಲಿ ಇಂಥ ಶಬ್ದಗಳನ್ನು ಬೇರೆ ಬೇರೆಯಾಗಿ ಬರೆದು, ಮೇಲೆ ಪುಟ್ಟದಾಗಿ 1, 2 ಎಂದು ಅಂಕಿ ಹಾಕಿರುತ್ತಾರೆ. ಅದು ಅರ್ಥದ ಸಂಖ್ಯೆ ಅಲ್ಲ. ‘ಇವು ಎರಡು ಶಬ್ದ, ಒಂದಕ್ಕೊಂದು ಸಂಬಂಧ ಇಲ್ಲ’ ಎಂದು ಅದರ ಅರ್ಥ. ನಾನು ಇಂಗ್ಲಿಷ್ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿಗಳಿಗೆ ಮೊದಲು ತೋರಿಸುತ್ತಿದ್ದದ್ದು ಆ ಅಂಕಿಯನ್ನೇ. ಮೊಬೈಲಿನ ಎಷ್ಟೋ ಆ್ಯಪ್‌ಗಳು ಅಂಕಿಯನ್ನು ಕಿತ್ತು ಹಾಕಿ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಸುರಿಯುತ್ತವೆ. ಓದುವವನಿಗೆ ಎಲ್ಲ ಒಂದೇ ಬಳ್ಳಿಯ ಕಾಯಿಯಂತೆ ಕಾಣುತ್ತದೆ. ಹುಡುಗನನ್ನು ಬಯ್ಯಬೇಡಿ.

ಮೊದಲು ಬಣ್ಣದ ಮರೂನ್ ನೋಡೋಣ. ಯುರೋಪಿನಲ್ಲಿ ಚೆಸ್ಟ್‌ನಟ್ ಎಂಬ ಮರ ಇದೆ. ಅದರ ಕಾಯಿ ಮುಳ್ಳುಮುಳ್ಳಾದ ಕವಚದೊಳಗೆ ಇರುತ್ತದೆ. ಸಿಪ್ಪೆ ನುಣುಪು, ಕೆಂಪು ಬೆರೆತ ಕಂದು. ಚಳಿಗಾಲದಲ್ಲಿ ಕೆಂಡದ ಮೇಲೆ ಹುರಿದು ತಿನ್ನುತ್ತಾರೆ. ಅದರಲ್ಲಿ ದಪ್ಪಗಿನ ಸಿಹಿ ಜಾತಿಯ ಕಾಯಿಗೆ ಇಟಲಿಯಲ್ಲಿ ‘ಮರ್ರೋನೆ’ ಎನ್ನುತ್ತಾರೆ, ಫ್ರಾನ್ಸಿನಲ್ಲಿ ‘ಮರೋಂ’. 16ನೇ ಶತಮಾನದ ಕೊನೆಯ ಹೊತ್ತಿಗೆ ಆ ಶಬ್ದ ಇಂಗ್ಲಿಷಿಗೆ ಬಂತು. ಆಗ ಅದರ ಅರ್ಥ ಬರೀ ಕಾಯಿ. ಬಣ್ಣದ ಹೆಸರಾದದ್ದು ಸುಮಾರು ಇನ್ನೂರು ವರ್ಷ ಕಳೆದ ಮೇಲೆ, 1790ರ ದಶಕದ ಹೊತ್ತಿಗೆ. ಹಣ್ಣಿನ ಹೆಸರು ಮೊದಲು, ಬಣ್ಣದ ಹೆಸರು ಆಮೇಲೆ ಎಂಬುದು ಇಂಗ್ಲಿಷಿನಲ್ಲಿ ಮಾಮೂಲಿ ದಾರಿ. ಆರೆಂಜ್ ಕೂಡ ಹಾಗೇ ಬಂದದ್ದು. ಅದರ ಬೇರು ಹುಡುಕುತ್ತಾ ಹೋದರೆ ಅರಬ್ಬಿಯ ‘ನಾರಂಜ್’, ಪಾರಸಿಯ ‘ನಾರಂಗ್’, ಸಂಸ್ಕೃತದ ‘ನಾರಂಗ’ ದಾಟಿ ನಮ್ಮ ದ್ರಾವಿಡ ಭಾಷೆಗಳ ಬಾಗಿಲಿಗೇ ಬಂದು ನಿಲ್ಲುತ್ತೇವೆ.

ಒಂದು ತಮಾಷೆ ಹೇಳುತ್ತೇನೆ. ಇವತ್ತು ಫ್ರೆಂಚರ ಎದುರು ‘ಮರೋಂ’ ಎಂದರೆ ಅವರಿಗೆ ನೆನಪಾಗುವುದು ಬರೀ ಕಂದು. ಕಂದು ಕಣ್ಣಿನವರನ್ನು ಅವರು ಮರೋಂ ಕಣ್ಣಿನವರು ಎನ್ನುತ್ತಾರೆ. ಕೆಂಪು ಜಾಸ್ತಿ ಸೇರಿಕೊಂಡದ್ದು ಇಂಗ್ಲಿಷಿಗೆ ಬಂದ ಮೇಲೆ. ಅಂದರೆ ನಿಮ್ಮ ಸಂಗಾತಿಗಳನ್ನು ಹೆದರಿಸಿದ ಆ ರಕ್ತದ ಛಾಯೆ ಮೂಲ ಹೆಸರಿನಲ್ಲಿ ಇರಲೇ ಇಲ್ಲ. ಗುಲಾಮರ ರಕ್ತದ ಕಥೆಗೆ ಆಧಾರವೂ ಇಲ್ಲ. ಅದು ಎರಡು ಶಬ್ದಗಳನ್ನು ಒಂದೇ ಎಂದು ತಿಳಿದು ನಡುವಿನ ಖಾಲಿ ಜಾಗಕ್ಕೆ ಯಾರೋ ತುಂಬಿದ ಕಥೆ.

ಇನ್ನು ಸಮುದ್ರಕ್ಕೆ ಹೋಗುವ ನಿಮಗೆ ಬೇಕಾದ ಒಂದು ಸಂಗತಿ. ಆ ಚೆಸ್ಟ್‌ನಟ್ ಕಾಯಿಯ ಹೆಸರಿನಿಂದಲೇ ಇಂಗ್ಲಿಷಿನಲ್ಲಿ ಇನ್ನೊಂದು ಮರೂನ್ ಹುಟ್ಟಿತು. ನಮ್ಮಲ್ಲಿ ಹಲಸಿನ ಬೇಳೆಯನ್ನು ಗಾಯ ಮಾಡದೆ ಕೆಂಡಕ್ಕೆ ಹಾಕಿದರೆ ಟಪ್ ಎಂದು ಸಿಡಿಯುತ್ತದಲ್ಲ, ಆ ಕಾಯಿಯೂ ಹಾಗೇ ಸಿಡಿಯುತ್ತದೆ. ಅದಕ್ಕೆ ಜೋರಾಗಿ ಸಿಡಿಯುವ ಒಂದು ಜಾತಿಯ ಪಟಾಕಿಗೂ ಅದೇ ಹೆಸರಾಯಿತು. ಬ್ರಿಟನ್ನಿನ ಕರಾವಳಿಯಲ್ಲಿ ಯಾವುದಾದರೂ ಹಡಗು ಅಪಾಯದಲ್ಲಿದೆ ಎಂದು ಗೊತ್ತಾದರೆ ಈ ಮರೂನನ್ನು ಆಕಾಶಕ್ಕೆ ಹಾರಿಸುತ್ತಿದ್ದರು. ಸದ್ದು ಕೇಳಿದ ಕೂಡಲೇ ರಕ್ಷಣಾ ದೋಣಿಯವರು ಮನೆಯಿಂದ ದಡಕ್ಕೆ ಓಡಿ ಬರುತ್ತಿದ್ದರು. ಅವರಲ್ಲಿ ಬಹಳ ಜನ ನಿಮ್ಮಂಥ ಮೀನುಗಾರರೇ, ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಪೇಜರ್ ಬಂದ ಮೇಲೆ ಆ ಪದ್ಧತಿ ಹಿಂದೆ ಬಿತ್ತು. ಬಣ್ಣದ ಮರೂನಿಗೆ ಸಮುದ್ರದಲ್ಲಿ ರಕ್ತಸಂಬಂಧಿ ಅಂತ ಯಾರಾದರೂ ಇದ್ದರೆ ಈ ಕರೆಯೇ. ಇದನ್ನು ತಾಂಡೇಲರಿಗೆ ಹೇಳಿ ನೋಡಿ.

ಈಗ ಇನ್ನೊಂದು ಮರೂನ್. ನಿಜ ಹೇಳಬೇಕೆಂದರೆ ಇದರ ಕಥೆಯೇ ಬಣ್ಣದ ಕಥೆಗಿಂತ ದೊಡ್ಡದು, ನಮ್ಮ ಜಿಲ್ಲೆಗೆ ಹತ್ತಿರದ್ದು.

ಸ್ಪೇನಿನವರು ಕೆರಿಬಿಯನ್ ದ್ವೀಪಗಳನ್ನು ಹಿಡಿದ ಮೇಲೆ ಅಲ್ಲಿಗೆ ದನಗಳನ್ನು ತಂದರು. ಕೆಲವು ತಪ್ಪಿಸಿಕೊಂಡು ಗುಡ್ಡ ಹತ್ತಿ ಕಾಡುದನಗಳಾದವು. ಅವುಗಳಿಗೆ ‘ಸಿಮರೋನ್’ ಎಂದರು. ಆಮೇಲೆ ದುಡಿಸಲು ಹಿಡಿದಿಟ್ಟ ಸ್ಥಳೀಯರು ಓಡಿಹೋದರು, ಆಫ್ರಿಕದಿಂದ ತಂದ ಗುಲಾಮರೂ ಓಡಿಹೋದರು. ಅವರಿಗೂ ಅದೇ ಹೆಸರು ಅಂಟಿತು. ಫ್ರೆಂಚರು ಶಬ್ದದ ತಲೆ ಕತ್ತರಿಸಿ ‘ಮರೋಂ’ ಮಾಡಿದರು. ಹಾಗೆ ಅದು ಅವರ ಕಾಯಿಯ ಹೆಸರಿನ ಜೊತೆ ಒಂದಾಗಿ ಕಾಣತೊಡಗಿತು. ಗೊಂದಲ ಶುರುವಾದದ್ದು ಅಲ್ಲಿಂದ. 17ನೇ ಶತಮಾನದ ನಡುವಿನ ಹೊತ್ತಿಗೆ ಇಂಗ್ಲಿಷರೂ ‘ಮರೂನ್’ ಎನ್ನತೊಡಗಿದರು. ಜಮೈಕಾದ ಬೆಟ್ಟಗಳಲ್ಲಿ ನೆಲೆ ನಿಂತ ಮರೂನರನ್ನು ಬ್ರಿಟಿಷ್ ಸೈನ್ಯಕ್ಕೆ ಬಗ್ಗಿಸಲು ಆಗಲಿಲ್ಲ. ಕೊನೆಗೆ 1739ರಲ್ಲಿ ಬ್ರಿಟಿಷರೇ ಅವರ ಮುಖಂಡ ಕುಡ್ಜೋ ಜೊತೆ ಕೂತು ಒಪ್ಪಂದ ಮಾಡಿಕೊಂಡು ಅವರ ಸ್ವಾತಂತ್ರ್ಯವನ್ನೂ ನೆಲವನ್ನೂ ಒಪ್ಪಿಕೊಂಡರು.

ಇದನ್ನು ಓದುವಾಗ ನಿಮಗೆ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿಗಳು ನೆನಪಾಗಲಿಲ್ಲವೇ? ಅವರಲ್ಲಿ ಬಹಳಷ್ಟು ಜನರ ಪೂರ್ವಜರನ್ನು ಪೋರ್ಚುಗೀಸರು ಆಫ್ರಿಕದಿಂದ ಗೋವಾಕ್ಕೆ ಗುಲಾಮರಾಗಿ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿ ನಮ್ಮವರಾದರು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಜಮೈಕಾದಲ್ಲಿ ಮರೂನರು ಎಂದು ಕರೆದದ್ದು ಇಂಥ ಜನರನ್ನೇ. ಹಾಗಾಗಿ ಆ ಶಬ್ದವನ್ನು ಕೆಟ್ಟ ಶಕುನ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಸರಪಳಿ ಕಳಚಿಕೊಂಡು ಹೋದವರ ಹೆಸರು ಅದು.

ದ್ವೀಪದಲ್ಲಿ ಬಿಟ್ಟು ಹೋಗುವುದು ಎಂಬ ಅರ್ಥ ಬಂದದ್ದು 17ನೇ ಶತಮಾನದ ಕೊನೆಯ ಭಾಗದಲ್ಲಿ. ಕಾಡಿನಲ್ಲಿ ಒಬ್ಬಂಟಿಯಾಗಿ ಅಲೆಯುವವನು ಮರೂನ್ ಆದ. ಹಾಗೆ ಅಲೆಯುವಂತೆ ಮಾಡುವುದೂ ಮರೂನ್ ಆಯಿತು. ಕಡಲ್ಗಳ್ಳರು ಮೋಸ ಮಾಡಿದ ಸಂಗಾತಿಗೆ ಈ ಶಿಕ್ಷೆ ಕೊಡುತ್ತಿದ್ದರು.

ಹೀಗೆ ಉಳಿದವರಲ್ಲಿ ಹೆಸರಾದವನು ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಸೆಲ್ಕರ್ಕ್. 1704ರಲ್ಲಿ ಚಿಲಿ ದೇಶದ ಆಚೆ, ಪೆಸಿಫಿಕ್‌ನ ಹುವಾನ್ ಫೆರ್ನಾಂಡೆಸ್ ದ್ವೀಪಗಳಲ್ಲಿ ಒಂದರಲ್ಲಿ ಇಳಿದ. ನಾಲ್ಕು ವರ್ಷ ಮೀರಿ ಒಬ್ಬನೇ ಬದುಕಿ 1709ರಲ್ಲಿ ಬೇರೊಂದು ಹಡಗು ಹತ್ತಿದ. ಅವನನ್ನು ಯಾರೂ ಬಲವಂತವಾಗಿ ನೂಕಿರಲಿಲ್ಲ. ಹಡಗಿಗೆ ಹುಳ ಹಿಡಿದಿದೆ, ನೀರು ಸೋರುತ್ತಿದೆ, ರಿಪೇರಿ ಮಾಡದೆ ಮುಂದೆ ಹೋಗಬೇಡಿ ಎಂದು ಕ್ಯಾಪ್ಟನ್ ಜೊತೆ ಜಗಳ ತೆಗೆದ. ಇದರಲ್ಲಿ ಬರುವುದಕ್ಕಿಂತ ಇಲ್ಲೇ ಉಳಿಯುವುದು ವಾಸಿ ಎಂದ. ಕ್ಯಾಪ್ಟನ್ ಹಾಗೇ ಆಗಲಿ ಎಂದುಬಿಟ್ಟ. ಆ ಹಡಗು ಸ್ವಲ್ಪ ದಿನಗಳಲ್ಲೇ ಮುಳುಗಿತು. ಬೋಟನ್ನು ದಡಕ್ಕೆ ಹಾಕಿ ಹಲಗೆ ಹಲಗೆ ನೋಡಿಸುತ್ತಿರುವ ನೀವು ಸೆಲ್ಕರ್ಕ್‌ನ ಪಕ್ಷದವರು.

ದ್ವೀಪದಲ್ಲಿ ಸಿಕ್ಕಿಕೊಂಡವರ ಕಥೆಗೆ ಅಷ್ಟು ದೂರ ಹೋಗಬೇಕಿಲ್ಲ. ನಿಮ್ಮ ಎದುರಿನ ಅಂಜದೀವ್ ಇದೆಯಲ್ಲ, ಬಿಣಗಾ ಕಡೆಯಿಂದ ಕಾಣುವುದು, ಆಡಳಿತದ ಲೆಕ್ಕದಲ್ಲಿ ಗೋವಾಕ್ಕೆ ಸೇರಿದ್ದು, ಈಗ ನೌಕಾನೆಲೆಯ ವಶದಲ್ಲಿ ಇರುವುದು. 1661ರ ಮದುವೆಯ ಒಪ್ಪಂದದಲ್ಲಿ ಪೋರ್ಚುಗಲ್ ರಾಜ ಮುಂಬೈಯನ್ನು ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ ಬಿಟ್ಟುಕೊಟ್ಟ. ಅದನ್ನು ವಶಕ್ಕೆ ತೆಗೆದುಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ಸೈನಿಕರೊಂದಿಗೆ 1662ರಲ್ಲಿ ಬಂದ. ಮುಂಬೈಯಲ್ಲಿದ್ದ ಪೋರ್ಚುಗೀಸರು ಇಳಿಯಲು ಬಿಡಲಿಲ್ಲ. ಬೇರೆ ದಾರಿ ಕಾಣದೆ ಅವರು ಅಂಜದೀವಿನಲ್ಲಿ ಇಳಿದರು. ಮಳೆ, ಜ್ವರ, ಆಹಾರದ ಕೊರತೆ. 1664ರಲ್ಲಿ ಶಿಪ್‌ಮನ್ ಅಲ್ಲೇ ತೀರಿಕೊಂಡ, ಸೈನಿಕರಲ್ಲಿ ಹೆಚ್ಚಿನವರೂ ಸತ್ತರು. ಉಳಿದ ಸ್ವಲ್ಪ ಜನರನ್ನು ಕಟ್ಟಿಕೊಂಡು ಶಿಪ್‌ಮನ್‌ನ ಕಾರ್ಯದರ್ಶಿ ಹಂಫ್ರಿ ಕುಕ್ 1665ರ ಫೆಬ್ರವರಿಯಲ್ಲಿ ಮುಂಬೈಯನ್ನು ವಶಕ್ಕೆ ಪಡೆದ. ಅವರನ್ನು ಅಲ್ಲಿ ಕೆಡವಿದ್ದು ರಾಜಕೀಯ ಮತ್ತು ನಮ್ಮ ಮಳೆಗಾಲ. ಹಡಗಿಗೆ ಯಾವ ಬಣ್ಣ ಇತ್ತು ಎಂದು ಯಾರೂ ಕೇಳಲಿಲ್ಲ.

ಕೆಂಪು ಬೆರೆತ ಕಂದು ಸಮುದ್ರಕ್ಕೆ ಹೊಸದೂ ಅಲ್ಲ. ಇಂಗ್ಲೆಂಡಿನ ಮೀನುದೋಣಿಗಳ ಹಳೆಯ ಚಿತ್ರ ನೋಡಿದರೆ ಹಾಯಿ ಹೆಚ್ಚುಕಡಿಮೆ ಅದೇ ಬಣ್ಣದಲ್ಲಿ ಕಾಣುತ್ತದೆ. ಬಟ್ಟೆ ಕೊಳೆಯದಿರಲಿ ಎಂದು ಅವರು ಹಾಯಿಯನ್ನೂ ಬಲೆಯನ್ನೂ ‘ಕಚ್’ ಕುದಿಸಿದ ನೀರಿನಲ್ಲಿ ಅದ್ದುತ್ತಿದ್ದರು. ಕಚ್ ಅಂದರೆ ನಮ್ಮ ಕಾಚು, ಎಲೆಅಡಿಕೆಗೆ ಹಾಕುವುದು. ಈ ಕಡೆಯಿಂದಲೇ ಹಡಗಿನಲ್ಲಿ ಅಲ್ಲಿಗೆ ಹೋಗುತ್ತಿತ್ತು. ನೈಲಾನ್ ಬರುವ ಮೊದಲು ನಮ್ಮಲ್ಲೂ ನೂಲಿನ ಬಲೆಯನ್ನು ಮರದ ತೊಗಟೆಯ ಒಗರು ನೀರಿಗೆ ಹಾಕುತ್ತಿದ್ದರು. ಆಯಿಗೆ ನೆನಪಿರಬಹುದು, ಕೇಳಿ. ನಿಮ್ಮ ಬೋಟಿನ ತಳಕ್ಕೆ ಪಾಚಿ, ಚಿಪ್ಪು ಹತ್ತದಂತೆ ತಾಮ್ರದ ಅಂಶದ ಬಣ್ಣ ಹೊಡೆಸಿದ್ದರೆ ಅದೂ ಸಾಮಾನ್ಯವಾಗಿ ಇಟ್ಟಿಗೆಗೆಂಪು. ಅಂದರೆ ಅದರ ಹತ್ತಿರದ ಬಣ್ಣ ನೀರಿನ ಕೆಳಗೆ ಆಗಲೇ ಇದೆ.

ಶಬ್ದದ ಮಾತು ಇಷ್ಟು. ಹೆಸರಿನಿಂದ ನಿಮಗೆ ಏನೂ ಆಗುವುದಿಲ್ಲ. ಆದರೆ ಆ ಬಣ್ಣವನ್ನು ಹಾಗೇ ಹೊಡೆಸಿ ಎಂದು ಹೇಳಲು ನಾನು ಸ್ವಲ್ಪ ಹಿಂಜರಿಯುತ್ತೇನೆ. ಕಾರಣ ಬೇರೆ.

2008ರ ನವೆಂಬರಿನಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ಅಪಹರಿಸಿದ ಮೀನುಗಾರಿಕಾ ಬೋಟಿನಲ್ಲಿ ಬಂದರು. ಅದಾದ ಮೇಲೆ ಯಾವ ರಾಜ್ಯದ ಬೋಟು ಎಂದು ದೂರದಿಂದಲೇ ಗೊತ್ತಾಗಲಿ ಎಂದು ರಾಜ್ಯಕ್ಕೊಂದು ಬಣ್ಣ ಗೊತ್ತು ಮಾಡುವ ಪದ್ಧತಿ ಬಂತು. ನಿಮ್ಮ ಹಳೆಯ ನೀಲಿ ಸುಮ್ನೆ ಬಂದದ್ದೋ, ನಿಯಮದಿಂದ ಬಂದದ್ದೋ ಮೊದಲು ತಿಳಿದುಕೊಳ್ಳಿ. ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳದೆ ಬ್ರಷ್ ಮುಟ್ಟಬೇಡಿ. ಎರಡು ತಿಂಗಳ ಬಂದ್ ಮುಗಿದು ಆಗಸ್ಟ್ 1ಕ್ಕೆ ಎಲ್ಲರೂ ಹೊರಡುವಾಗ ನೀವು ಮತ್ತೆ ಬಣ್ಣ ಹೊಡೆಸುತ್ತಾ ಕೂರಬೇಕಾದರೆ, ಆಗ ಖಲಾಸಿಗಳು ‘ಹೇಳಿದ್ದೆವಲ್ಲ’ ಎನ್ನುತ್ತಾರೆ.

ಎರಡನೆಯದು ಕಣ್ಣಿನ ವಿಷಯ. ಬೆಳಕು ಕಡಿಮೆಯಾಗುತ್ತಾ ಬಂದಂತೆ ನಮ್ಮ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತದೆ. 19ನೇ ಶತಮಾನದಲ್ಲಿ ಇದನ್ನು ಗುರುತಿಸಿದ ಚೆಕ್ ವಿಜ್ಞಾನಿ ಪುರ್ಕಿನ್ಯೆಯ ಹೆಸರೇ ಇದಕ್ಕೆ ಇದೆ. ಮುಸ್ಸಂಜೆ ಹೊತ್ತಿಗೆ ಮನೆ ಎದುರಿನ ಕೆಂಪು ದಾಸವಾಳ ನೋಡಿ, ಗೊತ್ತಾಗುತ್ತದೆ. ಮರೂನ್ ಮೊದಲೇ ಕಡುಬಣ್ಣ. ನಸುಕಿನಲ್ಲಿ, ಮಳೆಯ ಮಬ್ಬಿನಲ್ಲಿ ಇಡೀ ಮರೂನ್ ಬೋಟು ನೀರಿನ ಮೇಲೆ ಒಂದು ಕಪ್ಪು ಗೆರೆ ಅಷ್ಟೇ. ದೊಡ್ಡ ಹಡಗಿನವರಿಗೆ ನೀವು ಕಾಣಬೇಕು, ಹುಡುಕಿ ಬರುವ ಕೋಸ್ಟ್ ಗಾರ್ಡಿಗೂ ಕಾಣಬೇಕು. ಲೈಫ್ ಜಾಕೆಟ್ಟಿಗೆ ಆ ಕಣ್ಣು ಕುಕ್ಕುವ ಆರೆಂಜ್ ಇಟ್ಟದ್ದು ಚಂದಕ್ಕಲ್ಲ.

ಮೂರನೆಯದು ಡಬ್ಬಿ. ಅಂಗಡಿಯಲ್ಲಿ ಮೆಷಿನ್‌ನಲ್ಲಿ ಮಿಕ್ಸ್ ಮಾಡಿಕೊಡುವ ಬಣ್ಣಗಳಲ್ಲಿ ಬಹಳಷ್ಟು ಮನೆಗೋಡೆ, ಬಾಗಿಲಿಗೆ ಮಾಡಿದವು. ಉಪ್ಪುನೀರಿಗೆ ಮಾಡಿದ್ದು ಹೌದೋ ಅಲ್ಲವೋ ಎಂದು ಡಬ್ಬಿಯ ಮೇಲೆ ಓದಿ, ಬೋಟಿಗೆ ಬಣ್ಣ ಹೊಡೆಯುವವರಿಗೂ ತೋರಿಸಿ. ಮರದ ಬೋಟೋ, ಫೈಬರೋ ಎನ್ನುವುದರ ಮೇಲೆ ಕೆಳಗಿನ ಪ್ರೈಮರ್ ಬೇರೆಯಾಗುತ್ತದೆ. ಇದರಲ್ಲಿ ನಾನು ಹೇಳುವುದಕ್ಕಿಂತ ಅವರು ಹೇಳುವುದೇ ಸರಿ. ಇನ್ನೂ ಬೇಕಾದರೆ ‘ಮರೂನ್ ಕೊಡಿ’ ಎಂದು ಹೆಸರು ಹೇಳಿ ತರಬೇಡಿ, ಶೇಡ್ ಕಾರ್ಡಿನ ನಂಬರ್ ಕೊಡಿ. ಹೆಸರನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಕಂಪ್ಯೂಟರೇ ಸಾಕ್ಷಿ. ವೆಬ್ ಪುಟಗಳ ಲೆಕ್ಕದಲ್ಲಿ ಮರೂನ್ ಅಂದರೆ 255ರಲ್ಲಿ 128 ಪಾಲು ಕೆಂಪು, ಹಸಿರು ನೀಲಿ ಸೊನ್ನೆ. ಎಕ್ಸ್11 ಎಂಬ ಇನ್ನೊಂದು ಹಳೆಯ ಪಟ್ಟಿಯಲ್ಲಿ ಅದೇ ಹೆಸರಿಗೆ 176 ಕೆಂಪು, 48 ಹಸಿರು, 96 ನೀಲಿ. ಒಂದು ಒಣಗಿದ ಕೆಂಪಡಿಕೆಯ ಕಡೆಗೆ, ಇನ್ನೊಂದು ಗುಲಾಬಿಯ ಕಡೆಗೆ ವಾಲುತ್ತದೆ.

ಹಾಗಾದರೆ ಏನು ಮಾಡುವುದು? ಇಲಾಖೆಯವರು ಬೇಡ ಎಂದರೆ ಚರ್ಚೆಯೇ ಇಲ್ಲ, ಡಬ್ಬಿಯನ್ನು ಮನೆಯ ಗೇಟಿಗೋ ಕಿಟಕಿಗೋ ಬಳಸಿ. ಅಡ್ಡಿ ಇಲ್ಲ ಎಂದರೆ, ಬಣ್ಣವೂ ಉಪ್ಪುನೀರಿಗೆ ಆಗುವಂಥದ್ದಾದರೆ, ನನ್ನ ಒಲವು ಅರ್ಧ ದಾರಿಗೆ. ಮರೂನನ್ನು ಅಂಚಿನ ಪಟ್ಟಿಗೋ ಕೆಳಭಾಗಕ್ಕೋ ಇಟ್ಟುಕೊಳ್ಳಿ. ಕ್ಯಾಬಿನ್, ಅದರ ಮಾಡು, ಮುಂದಿನ ಮೂತಿ ಹಗುರ ಬಣ್ಣದ್ದಿರಲಿ. ನೋಂದಣಿ ನಂಬರ್ ಬಿಳಿಯಲ್ಲಿ ದಪ್ಪಗೆ ಬರಲಿ. ಇದರಲ್ಲಿ ತಂದ ದುಡ್ಡು ದಂಡವಾಗುವುದಿಲ್ಲ, ಬೋಟೂ ಕಾಣುತ್ತದೆ. ಇಡೀ ಬೋಟಿಗೆ ಮರೂನೇ ಬೇಕು ಎಂದು ಹಠ ಹಿಡಿದರೆ ತಡೆಯುವವರು ಯಾರೂ ಇಲ್ಲ. ಬಿಸಿಲಿಗೆ ಕಡುಬಣ್ಣ ಜಾಸ್ತಿ ಕಾಯುತ್ತದೆ, ಬೇಗ ಮಾಸುತ್ತದೆ, ಸಂಜೆಗೆ ಕಾಣುವುದಿಲ್ಲ. ಅಷ್ಟು ಗೊತ್ತಿರಲಿ.

ಮತ್ತೆ ಆ ಇಬ್ಬರು ಖಲಾಸಿಗಳು. ಶಬ್ದಕೋಶ ತೋರಿಸಿ ಅವರ ಬಾಯಿ ಮುಚ್ಚಿಸಲು ಹೋಗಬೇಡಿ. ದಿನಗಟ್ಟಲೆ ನೀರಿನ ಮೇಲೆ ಇರುವವರ ಅಂಜಿಕೆಯನ್ನು ದಡದಲ್ಲಿ ಕೂತ ನನ್ನಂಥವನು ಹಗುರವಾಗಿ ಕಾಣಬಾರದು. ಅಂಜಿಕೊಂಡೇ ಬಲೆ ಎಳೆಯುವವನ ಕೈ ತಪ್ಪುವ ಸಾಧ್ಯತೆ ಹೆಚ್ಚು. ತಾಂಡೇಲರನ್ನು ಕೂರಿಸಿಕೊಂಡು ಚೆಸ್ಟ್‌ನಟ್ ಕಾಯಿ, ಪಟಾಕಿ, ದೋಣಿಯವರು ಓಡಿ ಬರುವುದು, ಎಲ್ಲ ಹೇಳಿ. ಅವರು ಒಪ್ಪಿದರೆ ಉಳಿದವರನ್ನು ಅವರೇ ಒಪ್ಪಿಸುತ್ತಾರೆ. ಒಪ್ಪದಿದ್ದರೆ ಅರ್ಧ ದಾರಿಯನ್ನೂ ಬಿಟ್ಟು ನೀಲಿಗೇ ಹೋಗಿ. ಎರಡು ಡಬ್ಬಿ ಬಣ್ಣ ಹೋದರೆ ಹೋಯಿತು, ನಾಲ್ಕು ಮಳೆಗಾಲ ಜೊತೆಗಿದ್ದ ಸಂಗಾತಿಗಳು ಬೇರೆ ಬೋಟಿಗೆ ಹೋಗುವುದು ಬೇಡ.

ಹೆಸರೇ ಅವರಿಗೆ ಚುಚ್ಚುತ್ತಿದ್ದರೆ ಇಂಗ್ಲಿಷ್ ಹೆಸರು ಯಾಕೆ ಬೇಕು? ಯುರೋಪಿನವರು ತಮ್ಮ ಹಿತ್ತಲಿನ ಕಾಯಿಯ ಹೆಸರು ಕೊಟ್ಟರು. ನಮ್ಮ ಹಿತ್ತಲಿನಲ್ಲಿ ಮುರುಗಲು, ಅಂದರೆ ಕೋಕಂ, ಇದೆ. ಚೆನ್ನಾಗಿ ಹಣ್ಣಾದ ಮುರುಗಲು ಸಿಪ್ಪೆಯ ಪಕ್ಕ ನಿಮ್ಮ ಡಬ್ಬಿಯ ಮುಚ್ಚಳ ಇಟ್ಟು ನೋಡಿ. ಮುರುಗಲು ಬಣ್ಣದ ಬೋಟು ಎಂದರೆ ಆಯಿಯೂ ಬೇಡ ಎನ್ನಲಿಕ್ಕಿಲ್ಲ.